ಮಿಡತೆ ತಿನ್ನದ ಅಳಿಯ

ಮಸಾಕಾ ಪಟ್ಟಣದ ಸೋಫಾ ರಿಪೇರಿ ಕಿಜ್ಜನ ಮದುವೆಗೆ ಅಡ್ಡ ಬಂದದ್ದು ಒಂದು ಸೀನು. ಹಳೆಯ ಸೋಫಾಗಳ ಹೊಟ್ಟೆ ಬಗೆದು ಹೊಸ ಹತ್ತಿ ತುಂಬುವವನಿಗೆ ಸೀನು ಹೊಸದಲ್ಲ. ಆದರೆ ಈಚೆಗೆ ಅವನು ಸೀನಿದರೆ ಪಕ್ಕದ ಕ್ಷೌರದಂಗಡಿಯ ಲುಬೋವಾನ ಕತ್ತರಿ ಬೆಚ್ಚಿಬಿದ್ದು ಗಿರಾಕಿಯ ಕಿವಿಗೆ ಬಾಯಿ ಹಾಕುತ್ತಿತ್ತು. ಆ ಶನಿವಾರ ಮಧ್ಯಾಹ್ನ ಕಿಜ್ಜ ಹೆಣ್ಣು ಕೇಳಲು ಹೋಗಬೇಕು. ಅವನ ಪರವಾಗಿ ಮಾತಾಡಲು ಹೊರಟವನು ಲುಬೋವಾನೇ. ಬೀಗರ ಮನೆಯಲ್ಲಿ ಹುಡುಗ ಸೀನಿದರೆ ಇಡೀ ಸೀನೇ ಕೆಡುತ್ತದೆಂದು ಬೆಳಿಗ್ಗೆಯೇ ಅವನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದ.

ಡಾಕ್ಟರಮ್ಮ ಕಿಜ್ಜನ ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು ಸೂಜಿಯಿಂದ ಚುಚ್ಚಿದರು. ಕಾಲು ಗಂಟೆಯಲ್ಲಿ ಒಂದು ಜಾಗ ಗೋಲಿಯಂತೆ ಉಬ್ಬಿತು. ಅವನ ವೈರಿ ಧೂಳುನುಸಿ, ಕಣ್ಣಿಗೆ ಕಾಣದ ಹುಳ, ಹಾಸಿಗೆ ಸೋಫಾಗಳಲ್ಲೇ ಅದರ ಸಂಸಾರ ಎಂದರು. ಮಾತ್ರೆ ಬರೆದುಕೊಟ್ಟ ಮೇಲೆ, ಹೋದ ವರ್ಷ ಮಿಡತೆ ತಿಂದಾಗ ಏನಾದರೂ ಆಗಿತ್ತೇ ಎಂದು ಕೇಳಿದರು. ತುಟಿಗೆ ಸ್ವಲ್ಪ ಕಚಗುಳಿ ಇಟ್ಟಂತಾಗಿತ್ತು, ಮೆಣಸಿನಕಾಯಿ ಇರಬೇಕು ಅಂದುಕೊಂಡೆ ಎಂದ ಕಿಜ್ಜ.

"ಮೆಣಸಿನಕಾಯಿ ಅಲ್ಲಪ್ಪ. ನುಸಿ, ಮಿಡತೆ, ಸೀಗಡಿ ಎಲ್ಲಾ ದಾಯಾದಿಗಳು. ಒಂದು ಒಗ್ಗದ ಮೈಗೆ ಇನ್ನೊಂದೂ ಒಗ್ಗದೆ ಇರಬಹುದು. ಈ ಸಲ ಮಿಡತೆ ಮುಟ್ಟಬೇಡ."

ನವೆಂಬರಿನಲ್ಲಿ ಮಸಾಕಾದವನಿಗೆ ಹೇಳುವ ಮಾತೇ ಇದು? ಊರ ಸುತ್ತ ತಗಡು ನಿಲ್ಲಿಸಿ, ಹಗಲಿನಂಥ ದೀಪ ಹಚ್ಚಿ, ಆಕಾಶದಿಂದ ಮಿಡತೆ ಇಳಿಸಿಕೊಳ್ಳುವ ತಿಂಗಳು. ಬೀದಿ ಬೀದಿಯಲ್ಲಿ ಈರುಳ್ಳಿ ಜೊತೆ ಹುರಿದ ಮಿಡತೆಯ ಘಮ. ಕಿಜ್ಜ ಮೂಗು ಮುಚ್ಚಿಕೊಂಡು ಮನೆ ಸೇರಿದ. ದಾರಿಯಲ್ಲಿ ಲುಬೋವಾ ಬುದ್ಧಿ ಹೇಳಿದ: ಹೆಣ್ಣಿನ ಮನೆಯಲ್ಲಿ ರೋಗದ ಸುದ್ದಿ ಎತ್ತಕೂಡದು, ಮಾತೆಲ್ಲ ತನ್ನದು, ಕಿಜ್ಜ ಸುಮ್ಮನೆ ನಗುತ್ತ ಕೂತರೆ ಸಾಕು.

ಹುಡುಗಿ ಗೊರೆಟ್ಟಿ, ನಿವೃತ್ತ ಹೆಡ್‌ಮಾಸ್ಟರ್ ಲುಟಾಯಾ ಅವರ ಒಬ್ಬಳೇ ಮಗಳು. ಬಿಳಿ ನಿಲುವಂಗಿ ತೊಟ್ಟ ಕಿಜ್ಜ ನಗುತ್ತ ಕೂತ. ಲುಬೋವಾ ಅವನ ಕೈಕಸುಬನ್ನು ಹೊಗಳಿದ, ಹೆಂಚಿನ ಮನೆಯನ್ನು ಹೊಗಳಿದ, ಹೊಗಳಲು ಏನೂ ಉಳಿಯದೆ ಹೋದಾಗ ಹಲ್ಲುಗಳನ್ನೂ ಹೊಗಳಿದ. ಮೇಷ್ಟ್ರಿಗೆ ಎಲ್ಲವೂ ಮೆಚ್ಚಿಗೆಯಾಯಿತು. ಒಪ್ಪಿಗೆ ಹೇಳುವ ಮೊದಲು ಅತಿಥಿಯ ಬಾಯಿ ಸಿಹಿಯಾಗಬೇಕಲ್ಲ ಎಂದು ಎದ್ದು, ತಾವೇ ಒಂದು ತಟ್ಟೆ ತಂದಿಟ್ಟರು. ತುಂಬ ಮಿಡತೆ. ಹೊಂಬಣ್ಣಕ್ಕೆ ಹುರಿದದ್ದು, ಆ ದಿನದ ಮೊದಲ ಫಸಲು, ಮೇಷ್ಟ್ರೇ ನಸುಕಿನಲ್ಲಿ ಹೋಗಿ ಕಾದು ತಂದದ್ದು.

ಕಿಜ್ಜ ತಟ್ಟೆಯನ್ನು ನೋಡಿದ. ತಟ್ಟೆಯೂ ನೂರಾರು ಕಣ್ಣುಗಳಿಂದ ಕಿಜ್ಜನನ್ನು ನೋಡಿತು. ಅವನ ನಗು ಹಳೇ ಸೋಫಾದ ಸ್ಪ್ರಿಂಗಿನಂತೆ ಒಂದು ಕಡೆ ಕುಸಿಯಿತು. ಮೇಷ್ಟ್ರ ಹುಬ್ಬು ಏರತೊಡಗಿದ್ದನ್ನು ಕಂಡು ಲುಬೋವಾ ಮಧ್ಯೆ ಹಾರಿದ.

"ಕ್ಷಮಿಸಬೇಕು ಮೇಷ್ಟ್ರೇ. ನಮ್ಮ ಹುಡುಗ ಮಿಡತೆ ಬೆಡಗಿನವನು. ಕುಲದ ಹೆಸರನ್ನ ಹೇಗೆ ತಿಂತಾನೆ?"

ಸುಳ್ಳಿಗೆ ಒಳ್ಳೆಯ ಬೆಡಗಿತ್ತು. ಆ ನಾಡಿನಲ್ಲಿ ಪ್ರತಿಯೊಬ್ಬರಿಗೂ ಒಂದು ಪ್ರಾಣಿಯ ಹೆಸರಿನ ಬೆಡಗು, ಅಂದರೆ ಕುಲ; ತನ್ನ ಬೆಡಗಿನ ಪ್ರಾಣಿಯನ್ನು ಯಾರೂ ತಿನ್ನುವುದಿಲ್ಲ. ಕಿಜ್ಜನದು ನಿಜಕ್ಕೂ ಸಿಂಹದ ಬೆಡಗು. ಈವರೆಗೆ ಯಾರೂ ಅವನಿಗೆ ಸಿಂಹ ಬಡಿಸಿರಲಿಲ್ಲವಾದ್ದರಿಂದ ತೊಂದರೆಯಾಗಿರಲಿಲ್ಲ. ಹೆಸರಿನಿಂದಲೂ ಗುಟ್ಟು ಒಡೆಯುವಂತಿರಲಿಲ್ಲ. ಅವಳಿಗಳ ಬೆನ್ನಿಗೆ ಹುಟ್ಟಿದವರು ಯಾವ ಬೆಡಗಿನವರಾದರೂ ಕಿಜ್ಜರೇ.

ಮೇಷ್ಟ್ರು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಪರದೆಯ ಹಿಂದೆ ಪಾತ್ರೆಯೊಂದು ದಡಾರನೆ ಬಿತ್ತು. ಅಲ್ಲಿದ್ದವರು ಗೊರೆಟ್ಟಿಯ ತಾಯಿ. ಮೂವತ್ತು ವರ್ಷದಿಂದ ಗಂಡನಿಗೆ ಮಿಡತೆ ಹುರಿದುಕೊಟ್ಟರೂ ಒಂದನ್ನೂ ಬಾಯಿಗಿಟ್ಟವರಲ್ಲ. ಆಕೆಯ ತೌರು ಮಿಡತೆ ಬೆಡಗು.

"ನೋಡಪ್ಪ," ಮೇಷ್ಟ್ರು ಪಾಠ ಹೇಳುವ ದನಿಯಲ್ಲಿ ಶುರುಮಾಡಿದರು. "ನೀನು ಮಿಡತೆ ಬೆಡಗು ಅಂದ್ರೆ ನನ್ನ ಹೆಂಡ್ತಿಗೆ ತಮ್ಮ ಆದೆ. ನನ್ನ ಮಗಳಿಗೆ ಸೋದರಮಾವ ಆದೆ. ನಮ್ಮಲ್ಲಿ ತಂದೆ ಬೆಡಗಿಗೂ ಹೆಣ್ಣು ಕೊಡಲ್ಲ, ತಾಯಿ ಬೆಡಗಿಗೂ ಕೊಡಲ್ಲ. ಅಕ್ಕನ ಮಗಳನ್ನೇ ಕೇಳೋಕೆ ಬಂದಿದೀಯಲ್ಲ, ನಾಚಿಕೆ ಆಗಲ್ವಾ?"

ಅಡುಗೆಮನೆಯಿಂದ ಗೊರೆಟ್ಟಿ ಓಡಿಬಂದು ಮಂಡಿಯೂರಿದಳು. ಕಿಜ್ಜ ಸಿಂಹದವನು, ಹೆಸರು ಕೇಳುವ ಮೊದಲೇ ತಾನು ಬೆಡಗು ಕೇಳಿದ್ದೆ ಎಂದಳು. ಪ್ರೀತಿಸಿದ ಹುಡುಗಿಯ ಸಾಕ್ಷಿ ನಡೆಯುವುದಿಲ್ಲ ಎಂದರು ಮೇಷ್ಟ್ರು. ನಾಲಿಗೆ ಜಾರಿತು ಎಂದು ಲುಬೋವಾ ಕೈ ಮುಗಿದ. ಕಿಜ್ಜ ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿಕೊಡುವುದಾಗಿ ಹೇಳಿದ. ಫೋನಿನಲ್ಲಿ ಯಾರು ಬೇಕಾದರೂ ಚಿಕ್ಕಪ್ಪ ಆಗಬಹುದು ಎಂದು ಮೇಷ್ಟ್ರು ಅದನ್ನೂ ತಳ್ಳಿಹಾಕಿ, ತಟ್ಟೆಯನ್ನು ಮತ್ತೆ ಮುಂದೆ ನೂಕಿದರು.

"ಸಿಂಹದವನಾದ್ರೆ ತಿನ್ನು. ತಿಂದ್ರೆ ಹುಡುಗಿ ನಿನ್ನವಳು."

ಒಂದು ಕಡೆ ಡಾಕ್ಟರಮ್ಮ, ಇನ್ನೊಂದು ಕಡೆ ಗೊರೆಟ್ಟಿ. ಗೊರೆಟ್ಟಿಯ ಕಣ್ಣಲ್ಲಿ ನೀರಿತ್ತು, ಡಾಕ್ಟರಮ್ಮ ಕಣ್ಣಿಗೇ ಕಾಣುತ್ತಿರಲಿಲ್ಲ. ಕಿಜ್ಜ ಜೇಬಿನ ಮಾತ್ರೆಯನ್ನು ಗುಟ್ಟಾಗಿ ಚಹಾದೊಡನೆ ನುಂಗಿ, ಒಂದು ಮಿಡತೆ ಬಾಯಿಗೆ ಹಾಕಿಕೊಂಡ. ಕುರುಂ ಎಂದಿತು. ಎಂಥ ರುಚಿ. ಇನ್ನೊಂದು ಹಾಕಿಕೊಂಡ, ಆಮೇಲೆ ಎಣಿಸಲಿಲ್ಲ. ಮೇಷ್ಟ್ರ ಮುಖ ಅರಳಿತು. ಪರದೆಯ ಹಿಂದೆ ನಿಟ್ಟುಸಿರು ಕೇಳಿಸಿತು. ಲುಬೋವಾ ಧೈರ್ಯವಾಗಿ ತಾನೂ ಒಂದು ಹಿಡಿ ತೆಗೆದುಕೊಂಡ.

"ಜನವರಿಲಿ ಒಂದು ಒಳ್ಳೆ ದಿನ ನೋಡಿ..." ಎಂದು ಶುರುಮಾಡಿದ ಮೇಷ್ಟ್ರು ಅಲ್ಲೇ ನಿಂತರು.

ಕಿಜ್ಜನ ತುಟಿ ಆಗತಾನೇ ಹತ್ತಿ ತುಂಬಿದ ದಿಂಬಿನಂತೆ ಉಬ್ಬುತ್ತಿತ್ತು. ಕತ್ತಿನ ಮೇಲೆ ಕೆಂಪು ಗಂಧೆಗಳು ಎದ್ದವು. ಒಂದು ಕಣ್ಣು ಮುಚ್ಚಿಕೊಂಡಿತು, ಇನ್ನೊಂದು ಮುಚ್ಚಲೋ ಬೇಡವೋ ಎಂದು ಯೋಚಿಸುತ್ತಿತ್ತು. ಪಕ್ಕದ ಬೀದಿಯ ನರ್ಸಮ್ಮನನ್ನು ಕರೆತರಲು ಲುಬೋವಾ ಓಡಿದ.

ಆಗ ಪರದೆ ಸರಿಯಿತು. ಗೊರೆಟ್ಟಿಯ ತಾಯಿ ನೇರವಾಗಿ ಬಂದು ಕಿಜ್ಜನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಮುಖ ಒತ್ತತೊಡಗಿದರು. ಅತ್ತೆಯಾಗುವವಳು ಅಳಿಯನ ನೆರಳನ್ನೂ ಸೋಕಿಸಿಕೊಳ್ಳದ ನಾಡು ಅದು. ತನ್ನ ಕೆನ್ನೆ ಸವರಿದ ಆ ಕೈಯಿಂದಲೇ ಕಿಜ್ಜನಿಗೆ ತೀರ್ಪು ತಿಳಿಯಿತು.

"ಕುಲದ್ದನ್ನ ತಿಂದ್ರೆ ಮೈ ಸುಮ್ನೆ ಬಿಡುತ್ತಾ? ಹುಡುಗಿ ಆಸೆಗೆ ಸುಳ್ಳು ಹೇಳ್ದೆ ನೀನು," ಎಂದರು ಆಕೆ ಮರುಕದಿಂದ. "ಚರ್ಮ ಸುಳ್ಳು ಹೇಳಲ್ಲ ಕಣೋ ತಮ್ಮಾ."

"ಅಲ್ಲಮ್ಮ, ಇಡು ಢೂಳುನುಶಿ," ಎಂದ ಕಿಜ್ಜ ದಿಂಬಿನ ಒಳಗಿಂದ. "ಶೋಫಾಡಲ್ಲಿ ಇರೋ ಹುಳ..."

ಸೋಫಾದಲ್ಲಿರುವ ಹುಳ ತಟ್ಟೆಯಲ್ಲಿರುವ ಮಿಡತೆ ತಿಂದವನನ್ನು ಕಚ್ಚಿತು ಎಂಬ ಮಾತನ್ನು ಮೂವತ್ತೈದು ವರ್ಷ ಮಕ್ಕಳ ನೆಪ ಕೇಳಿದ ಮೇಷ್ಟ್ರೂ ಕೇಳಿರಲಿಲ್ಲ. ಪಾಪ, ತಲೆಗೇರಿದೆ ಎಂದರು.

ನರ್ಸಮ್ಮನ ಸೂಜಿಗೆ ಸಂಜೆಯ ಹೊತ್ತಿಗೆ ಊತ ಇಳಿಯಿತು. ಮುಖ ವಾಪಸು ಬಂತು, ಮದುವೆ ಬರಲಿಲ್ಲ. ಆದರೆ ಮನೆಯಲ್ಲಿ ಹಬ್ಬವೋ ಹಬ್ಬ. ಗೊರೆಟ್ಟಿಯ ತಾಯಿಗೆ ಒಡಹುಟ್ಟಿದವರಿರಲಿಲ್ಲ; ತಮ್ಮ ಸಿಕ್ಕಿದನೆಂದು ಆಕೆ ಬಾಳೆಕಾಯಿ ಬೇಯಿಸಿ, ಕಡಲೆಕಾಯಿ ಗೊಜ್ಜು ಸುರಿದು, ಸಾಕೆಂದರೂ ಬಿಡದೆ ಬಡಿಸಿದರು. ಮಾವ ಎಂದು ಕರೆಯಲು ಬಂದವನು ಮಾವ ಎನಿಸಿಕೊಂಡು ಉಂಡ. ಗೊಜ್ಜು ಚೆನ್ನಾಗಿತ್ತು ಎನ್ನುವುದನ್ನು ಅವನೂ ಒಪ್ಪಬೇಕಾಯಿತು. ಗೊರೆಟ್ಟಿ ಮಾತ್ರ ಹೊರಗೆ ಲುಬೋವಾನ ಚಳಿ ಬಿಡಿಸುತ್ತಿದ್ದಳು. ಕ್ಷೌರಿಕ ಮೊದಲ ಸಲ ಬಾಯಿ ಬಿಡದೆ ಕೇಳುತ್ತಿದ್ದ.

ಊಟವಾದ ಮೇಲೆ ಮೇಷ್ಟ್ರು ಕಿಜ್ಜನ ಹೆಗಲ ಮೇಲೆ ಕೈ ಹಾಕಿ ಅಂಗಳಕ್ಕೆ ಕರೆದುಕೊಂಡು ಹೋದರು. ಸೋದರಮಾವನಾದ ಮೇಲೆ ಹೊಣೆಯೂ ಇರುತ್ತದೆ, ವಯಸ್ಸಿಗೆ ಬಂದ ಹುಡುಗಿ, ಬೇಗ ಒಂದು ಗಂಡು ಹುಡುಕಿಕೊಡಬೇಕು ಎಂದರು. ಎಂಥ ಗಂಡು ಬೇಕು ಎಂದು ಕಿಜ್ಜ ಸಣ್ಣ ದನಿಯಲ್ಲಿ ಕೇಳಿದ.

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ಅಕ್ಕರೆಯಿಂದ ನೋಡಿದರು.

"ಹೆಚ್ಚೇನೂ ಬೇಡಪ್ಪ. ನಿನ್ನಂಥವನು ಸಿಕ್ಕಿದ್ರೆ ಸಾಕು."