ರೊಟ್ಟಿಯ ಪುಟಕ್ಕೊಂದು ದೃಷ್ಟಿಬೊಟ್ಟು

ಜನ ಮೊಬೈಲಿನಲ್ಲಿ ಸರ್ಚ್ ಮಾಡಿದಾಗ ನಮ್ಮ ಗಿರಾಕಿಯ ವೆಬ್ ಪುಟ ಎಲ್ಲರಿಗಿಂತ ಮೇಲೆ ಕಾಣುವಂತೆ ಮಾಡುವುದು ನನ್ನ ಕೆಲಸ. ಮುಂಬಯಿಯಲ್ಲಿ, ಪವಾಯಿಯ ಏಸಿ ಆಫೀಸಿನಲ್ಲಿ ಕೂತು ಮಾಡಿದರೆ ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆಫೀಸು ಬಿಟ್ಟು ನಮ್ಮವರ ಕೈಗೆ ಸಿಕ್ಕೆನೋ, ಶುರು.

ಓದುವವರು ಯಾರು?

ಕಾಂದಿವಲಿಯಲ್ಲಿ ನಾನು ಉಣ್ಣುವ ಖಾನಾವಳಿ ನಡೆಸುವವರು ಬಾಗಲಕೋಟೆ ಕಡೆಯ ಒಬ್ಬ ಅಕ್ಕ. ಅವರಿದ್ದ ಚಾಳ್ ಎಂಬ ಹಳೇ ವಠಾರ ಕೆಡವಿ ಬಿಲ್ಡಿಂಗ್ ಏಳತೊಡಗಿದ್ದರಿಂದ ಖಾನಾವಳಿ ಹಿಂದಿನ ಗಲ್ಲಿಗೆ ಬಂತು. ಹಳೇ ಗಿರಾಕಿಗಳಿಗೆ ಜಾಗ ಸಿಗಲಿಲ್ಲ, ಹೊಸಬರಿಗೆ ಗೊತ್ತೇ ಇಲ್ಲ.

"ದೀಪಾವಳಿ ಮಟ ನೋಡತೀನಿ ತಮ್ಮಾ. ಮಂದಿ ಬರಲಿಲ್ಲಂದ್ರ ಖಾನಾವಳಿ ಬಂದ್ ಮಾಡೂದ," ಅಂದರು.

ಖಾನಾವಳಿಗೂ ಒಂದು ವೆಬ್ ಪುಟ ಮಾಡಿಕೊಡುತ್ತೇನೆ, ಅದನ್ನು ಒಂದು ಯಂತ್ರ ಓದಿ, ಚೆನ್ನಾಗಿದ್ದರೆ ಮೇಲೆ ತೋರಿಸುತ್ತದೆ ಎಂದು ವಿವರಿಸಿದೆ. ಜಗತ್ತಿನ ಪುಟಗಳನ್ನೆಲ್ಲ ಹಗಲೂ ರಾತ್ರಿ ಓದುತ್ತಲೇ ಇರುತ್ತದೆ ಎನ್ನುವಾಗ ನನಗೇ ಮೈ ಜುಮ್ಮೆಂದಿತು. ಇಷ್ಟು ವರ್ಷವಾದರೂ ಆ ಬೆರಗು ಹೋಗಿಲ್ಲ.

"ಮತ್ತ ಅದರ ಊಟ?" ಅಕ್ಕ ಕೇಳಿದರು.

"ಯಂತ್ರಕ್ಕ ಎಲ್ಲೀ ಊಟ ಅಕ್ಕಾ."

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಊಟಾನ ಮಾಡದವ್ರ ಮಾತ ಕೇಳಿ ಮಂದಿ ಊಟಕ್ಕ ಹೊಂಟಾರಾ?"

ಮಾವನವರು ಮೇಲೋ, ರೊಟ್ಟಿ ಮೇಲೋ

ಪುಟದಲ್ಲಿ ಏನೇನಿರಬೇಕು ಹೇಳಿ ಅಂದೆ. ಅಕ್ಕನಿಗೆ ಗೊತ್ತಿದ್ದ ಒಂದೇ ಮಾದರಿ ಲಗ್ನಪತ್ರಿಕೆ. ಮೊದಲು ಮನೆದೇವರು, ಆಮೇಲೆ ಮಾವನವರು, ಕಾಕಾಗಳು, ಮೈದುನರು, ಸೋದರಮಾವ. ರೊಟ್ಟಿ ಬಂದದ್ದು ಎಲ್ಲರ ಆಶೀರ್ವಾದ ಮುಗಿದ ಮೇಲೆ, ಕಟ್ಟಕಡೆಗೆ.

"ಅಕ್ಕಾ, ಮೇಲಿನ ಹೆಡಿಂಗ್‌ನಾಗ ಏನು ಸಿಗತೈತಿ, ಎಲ್ಲಿ ಸಿಗತೈತಿ ಅಷ್ಟ ಇರಬೇಕು. ಕಾಂದಿವಲಿಯೊಳಗ ಜೋಳದ ರೊಟ್ಟಿ ಊಟ."

"ರೊಟ್ಟಿ ಮ್ಯಾಲ, ನಮ್ಮ ಮಾವನವರು ಕೆಳಗ? ಊರಾಗ ಏನಂದಾರು!"

ಹೇಗೋ ಒಪ್ಪಿಸಿ ರೊಟ್ಟಿಯನ್ನು ಮೇಲೆ ಹಾಕಿ, ಬಂಧುಬಳಗವನ್ನು ಪುಟದ ತಳದಲ್ಲಿ ಕೂರಿಸಿದೆ. ಪುಟಕ್ಕೆ ಜನ ಬಂದರು ನೋಡಿ, ನಾನು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ನೋಡಿದರೆ ಕಾಂದಿವಲಿಯವರು ಒಬ್ಬರೂ ಇಲ್ಲ. ಎಲ್ಲ ಊರಿನವರು, ಬಂದು ತಮ್ಮ ತಮ್ಮ ಹೆಸರು ನೋಡಿಕೊಂಡು ಹೋಗಿದ್ದರು.

ಆಫೀಸಿನಲ್ಲಿ ದೊಡ್ಡ ದೊಡ್ಡ ಕಂಪನಿಯವರು ತಾವು ಕೆಳಗಿದ್ದೇವೆಂದು ನನಗೆ ಫೋನ್ ಮಾಡಿ ಕೂಗಾಡುವುದುಂಟು. ಆದರೆ ಅಕ್ಕನ ಸೋದರಮಾವನಷ್ಟು ಜೋರಾಗಿ ಯಾರೂ ಕೂಗಿಲ್ಲ. ಅವರ ಹೆಸರು ಮೈದುನರ ಕೆಳಗೆ ಬಂದಿತ್ತು.

ಬೊಟ್ಟು

ಹೆಸರುಗಳನ್ನೆಲ್ಲ ತೆಗೆದೆ. ಗಲ್ಲಿಗೆ ಬರುವ ದಾರಿ, ಬಾಗಿಲು ತೆರೆಯುವ ಹೊತ್ತು, ಯಾವ ವಾರ ಯಾವ ಪಲ್ಯ, ಎಲ್ಲ ಬಿಡಿಸಿ ಬರೆದೆ. ಫೋಟೊಗಳನ್ನು ಹಗುರ ಮಾಡಿದೆ, ಪುಟ ಥಟ್ಟನೆ ತೆರೆದುಕೊಳ್ಳಲಿ ಎಂದು. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಸರ್ಚ್ ಮಾಡಿದರೆ ಅಕ್ಕನ ಖಾನಾವಳಿ ಎಲ್ಲರಿಗಿಂತ ಮೇಲೆ! ದೊಡ್ಡ ಹೋಟೆಲುಗಳೆಲ್ಲ ಆ ಹಿಂದಿನ ಗಲ್ಲಿಯ ಕೆಳಗೆ. ನನ್ನ ಕಣ್ಣು ತುಂಬಿ ಬಂತು.

ಓಡಿಹೋಗಿ ತೋರಿಸಿದೆ. ಅಕ್ಕ ಮೊಬೈಲಿಗೆ ಕೈಮುಗಿದರು. ಮರುಗಳಿಗೆಗೆ ಮುಖ ಬಾಡಿತು.

"ಒಮ್ಮಿಗೇ ಇಷ್ಟ ಮ್ಯಾಲ ಬ್ಯಾಡ ತಮ್ಮಾ, ದೃಷ್ಟಿ ಆಗತೈತಿ. ಎರಡನೇದಕ್ಕ ಇಳಸು."

ಹತ್ತಿಸಲು ಪಟ್ಟ ಪಾಡು ನನಗೆ ಗೊತ್ತು. ಕೊನೆಗೆ, ಕೂಸಿನ ಕೆನ್ನೆಗೆ ಇಡುವ ಹಾಗೆ, ರೊಟ್ಟಿಯ ಫೋಟೊಗೆ ಒಂದು ಕರಿಬೊಟ್ಟು ಇಟ್ಟು ಸಮಾಧಾನ ಮಾಡಿದೆ. ಪುಟ ನೋಡಿ ಬಂದ ಗಿರಾಕಿಗಳೆಲ್ಲ ಅಂಗಿಯ ತುದಿಯಿಂದ ಮೊಬೈಲಿನ ಗಾಜು ತಿಕ್ಕುತ್ತಲೇ ಒಳಗೆ ಬಂದರು. ಒಬ್ಬ ಮಾತ್ರ ರೊಟ್ಟಿಯಲ್ಲಿ ನೊಣ ಇದೆ ಎಂದು ಬಾಗಿಲಿನಿಂದಲೇ ವಾಪಸ್ ಹೋದ.

ಒಂದೇ ನಕ್ಷತ್ರ

ನಾನು ಸದ್ದಿಲ್ಲದೆ ಬೊಟ್ಟು ಅಳಿಸಿದೆ. ಅಕ್ಕನಿಗೆ ಗೊತ್ತಾಯಿತು. ಈ ಸಲ ಬೊಟ್ಟನ್ನು ತಾವೇ ಇಟ್ಟರು. ಖಾನಾವಳಿಯ ಬಗ್ಗೆ ಜನ ಅಭಿಪ್ರಾಯ ಬರೆಯುವ ಕಡೆ, ತಮ್ಮದೇ ಹೆಸರಿನಲ್ಲಿ, ತಮ್ಮದೇ ಫೋಟೊ ಸಮೇತ, ಐದರಲ್ಲಿ ಒಂದೇ ಸ್ಟಾರ್ ಕೊಟ್ಟು ಬರೆದಿದ್ದರು:

"ಭಾಳ ತ್ರಾಸಿನ ಖಾನಾವಳಿ. ಎರಡು ರೊಟ್ಟಿ ಕೇಳಿದರ ನಾಕು ಹಾಕತಾರ. ಸಾಕಂದರ ಕೇಳೂದಿಲ್ಲ. ಎದ್ದು ನಿಂತವರನ್ನ ಬೈದು ಕುಂಡ್ರಸತಾರ."

ನಾನು ತಲೆಮೇಲೆ ಕೈಹೊತ್ತು ಕೂತೆ. ಒಂದು ಸ್ಟಾರ್ ಬಿದ್ದರೆ ಗಿರಾಕಿ ಓಡಿಹೋಗುತ್ತಾನೆಂದು ನಾನೇ ಪಾಠ ಮಾಡುವವನು. ದೀಪಾವಳಿ ಬೇರೆ ಎದುರಿಗೇ ಇತ್ತು.

ಭಾನುವಾರ ಹೆದರುತ್ತಲೇ ಹೋದೆ. ಸಾಲು ಗಲ್ಲಿ ದಾಟಿ ರಿಕ್ಷಾ ಸ್ಟ್ಯಾಂಡ್ ಮುಟ್ಟಿತ್ತು. ದೂರದ ವಿಕ್ರೋಳಿಯಿಂದ ಲೋಕಲ್ ರೈಲು ಬದಲಿಸಿ ಬಂದಿದ್ದ ನಮ್ಮ ಕಡೆಯ ಒಬ್ಬರನ್ನು ಏನು ಓದಿ ಬಂದಿರಿ ಎಂದು ಕೇಳಿದೆ.

"ಆ ಒಂದು ಸ್ಟಾರಿಂದು. ಊಟಕ್ಕ ಕುಂತಾಗ ಬೈಯವ್ರು ಸಿಗಲಾರದ ಎಷ್ಟ ವರ್ಷ ಆತ್ರಿ!"

ಅಷ್ಟರಲ್ಲಿ ಒಳಗೆ ಹಿಟ್ಟು ಮುಗಿದು, ಅಕ್ಕ ಬೆವರು ಒರೆಸಿಕೊಳ್ಳುತ್ತ ಹೊರಬಂದರು. ಖಾನಾವಳಿ ಉಳಿಯಿತು ಎಂದು ನಾನು ಖುಷಿಯಿಂದ ಕೂಗುವುದರೊಳಗೆ, ಸಾಲನ್ನು ನೋಡಿ ಹಣೆ ಚಚ್ಚಿಕೊಂಡರು.

"ದೃಷ್ಟಿ ಆಗೇಬಿಡತೈತಿ ತಮ್ಮಾ! ಬೊಟ್ಟ ಸಣ್ಣದಾತು. ನೀನೂ ಒಂದ ಸ್ಟಾರ್ ಇಡು."