ಕಿವಿಗೆ ಬಿದ್ದ ಹಲ್ಲಿ

ಅರಸೀಕೆರೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಮಧುಕುಮಾರ್, ತನ್ನ ತಂದೆ ಕೆಂಚಯ್ಯನವರ ಕಿವಿಯನ್ನು ಇಂಗ್ಲಿಷಿನ ದಾಸ್ಯದಿಂದ ಬಿಡಿಸುವ ಪಣ ತೊಟ್ಟದ್ದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ. ಹಾಸನದ ಕ್ಲಿನಿಕ್ಕೊಂದರಲ್ಲಿ ಕೊಂಡ ಕಿವಿ ಮಿಷನ್ನು ಹೊರದೇಶದ್ದು. ಇಂಗ್ಲಿಷ್ ಮಾತಿಗೆ ಹೊಂದಿಸಿ ಕಳಿಸಿದ್ದರಿಂದ ಅದು ‘ಸ’, ‘ಶ’ಗಳನ್ನೆಲ್ಲ ಸೀಟಿಯಂತೆ ಊದುತ್ತಿತ್ತು. ಕನ್ನಡದ ಕಿವಿಗೆ ಕನ್ನಡದ ಅಳತೆಯೇ ಬೇಕೆಂದು ಹೆಂಡತಿ ಮಂಜುಳಾಗೆ ಭಾಷಣ ಮಾಡಿ, ಅಪ್ಪನನ್ನು ಮತ್ತೆ ಹಾಸನಕ್ಕೆ ಹೊರಡಿಸಿದ.

ಕಿವಿ ಪರೀಕ್ಷಿಸುವ ಹುಡುಗಿ ಮಿಷನ್ನನ್ನು ಕಂಪ್ಯೂಟರಿಗೆ ಜೋಡಿಸಿ, ತಾನು ಒಂದೊಂದೇ ಕನ್ನಡ ಪದ ಹೇಳುವೆ, ಕೇಳಿಸಿದ್ದನ್ನು ಹಾಗೇ ಹೇಳಿ ಎಂದಳು. ಅವಳು “ಹಾಲು” ಎಂದಳು. ಕೆಂಚಯ್ಯ “ಆಲು” ಎಂದರು. “ಹಾವು” ಎಂದದ್ದಕ್ಕೆ “ಆವು” ಎಂದರು. “ಹಳೇಬೀಡು” “ಅಳೇಬೀಡು” ಆಯಿತು. ಹುಡುಗಿ ಹುಬ್ಬು ಗಂಟಿಕ್ಕಿದಳು. ಮಧುಕುಮಾರ್ ಪಂಡಿತರ ಗತ್ತಿನಲ್ಲಿ, ಅಪ್ಪನಿಗೆ ಹಕಾರವೇ ಕೇಳಿಸುತ್ತಿಲ್ಲವೆಂದು ತೀರ್ಪು ಕೊಟ್ಟ. ಕೆಂಚಯ್ಯ ಏನೋ ಹೇಳಲು ಬಾಯಿ ತೆರೆದರೆ, ಪರೀಕ್ಷೆಯ ನಡುವೆ ಮಾತಾಡಬಾರದೆಂದು ತಡೆದ. ಹುಡುಗಿಗೂ ಹೌದೆನ್ನಿಸಿ, ಮಿಷನ್ನಿನಲ್ಲಿ ‘ಹ’ದಂಥ ಉಸಿರಿನ ಸದ್ದನ್ನೆಲ್ಲ ಧಾರಾಳವಾಗಿ ಏರಿಸಿದಳು.

ಆ ಭಾನುವಾರ ಗೆಂಡೆಹಳ್ಳಿಯಿಂದ ಕೆಂಚಯ್ಯನವರ ತಂಗಿ ಸುವರ್ಣಮ್ಮ ಬಂದರು. ಮಧುಕುಮಾರನ ಮದುವೆಯಲ್ಲಿ ತನ್ನನ್ನು ಕೊನೆಯ ಪಂಕ್ತಿಗೆ ಕೂರಿಸಿದರೆಂದು ಮುನಿದು, ಅಂದಿನಿಂದ ಅಣ್ಣನ ಮನೆಯಲ್ಲಿ ನೀರನ್ನೂ ಮುಟ್ಟದಿದ್ದವರು. ಕೆಂಚಯ್ಯ ತಾವೇ ಹೋಗಿ ಕರೆದದ್ದರಿಂದ ಮನಸ್ಸು ಕರಗಿ ಊಟಕ್ಕೆ ಕುಳಿತಿದ್ದರು. ನಾಟಿಕೋಳಿ ಸಾರಿನ ಘಮ ಬೀದಿ ದಾಟಿತ್ತು. ಬಡಿಸಲು ಬಂದ ಮಂಜುಳಾಗೆ ಸೌಟು ಕಾಣಲಿಲ್ಲ. ಅದು ಜಾರಿ ಪಾತ್ರೆಯೊಳಗೇ ಮುಳುಗಿತ್ತು. ಸುವರ್ಣಮ್ಮ ಬೆರಳು ತೋರಿಸಿ, “ಸಾರ್ನಾಗೆ ಅಲ್ಲಿ ಬಿದ್ದೈತೆ ನೋಡವ್ವಾ” ಎಂದರು.

ಕೆಂಚಯ್ಯ ತಟ್ಟನೆ ಎದ್ದರು. ಯಾರೂ ತಡೆಯುವ ಮೊದಲೇ ಪಾತ್ರೆ ಹೊತ್ತು ಹಿತ್ತಲಿಗೆ ನಡೆದು, ಸಾರನ್ನೂ ಕೋಳಿಯನ್ನೂ ಮೋರಿಗೆ ಅರ್ಪಿಸಿ ಬಂದರು. ಸುವರ್ಣಮ್ಮ ತಟ್ಟೆಯ ಬರೀ ಮುದ್ದೆಯನ್ನು ನೋಡಿದರು, ಅಣ್ಣನನ್ನು ನೋಡಿದರು. ಕರೆದು ಕೂರಿಸಿ ಅವಮಾನ ಮಾಡಿದಿರೆಂದು ಕಣ್ಣೀರು ಹಾಕುತ್ತ, ಕೈ ತೊಳೆದು ಬಸ್‌ಸ್ಟ್ಯಾಂಡಿಗೆ ಹೊರಟೇಬಿಟ್ಟರು.

“ಅಲ್ಲಿ ಬಿದ್ದೈತೆ ಅಂದ್ಲು, ಸುರಿದೆ. ಬಾಲ ಇರೋ ಅಲ್ಲಿ ಕಣೋ” ಎಂದು ಕೆಂಚಯ್ಯ ದಿಗಿಲುಬಿದ್ದು ಕುಳಿತರು.

ಮಂಜುಳಾಗೆ ಅನುಮಾನ ಬಂತು. ಮಾವನ ಮುಂದೆ ಕುಳಿತು, ಅಕ್ಕಿ ಎಲ್ಲಿದೆ ಎಂದು ಬಿಡಿಸಿ ಕೇಳಿದಳು. ಕೆಂಚಯ್ಯ ಕಿಟಕಿಯಾಚೆ ತಂತಿಯ ಮೇಲೆ ಕೂತ ಗುಬ್ಬಿಯನ್ನು ತೋರಿಸಿದರು.

“ನಿಮ್ಮ ಮಿಷನ್ನು ಸಿಕ್ಕಸಿಕ್ಕವರಿಗೆಲ್ಲ ಹಕಾರ ಹಂಚ್ತಾ ಇದೆ ಕಣ್ರೀ” ಎಂದಳು ಗಂಡನಿಗೆ.

ಮರುದಿನ ಮೂವರೂ ಹಾಸನಕ್ಕೆ ಹೋದರು. ಹುಡುಗಿ ಏರಿಸಿದ್ದನ್ನೆಲ್ಲ ಇಳಿಸಿ, ಈ ಸಲ ಮೇಜಿನ ಮೇಲೆ ಚಿತ್ರಗಳನ್ನು ಹರಡಿ, ಹೇಳಿದ್ದನ್ನು ಮುಟ್ಟಿ ತೋರಿಸಿ ಎಂದಳು. “ಹಾಲು” ಎಂದರೆ ಕೆಂಚಯ್ಯ ಹಾಲಿನ ಲೋಟ ಮುಟ್ಟಿದರು. “ಹಾವು” ಎಂದರೆ ಹೆಡೆಯ ಮೇಲೇ ಬೆರಳಿಟ್ಟರು. ಒಂದೂ ತಪ್ಪಲಿಲ್ಲ.

“ಇವರಿಗೆ ‘ಹ’ ಚೆನ್ನಾಗೇ ಕೇಳಿಸುತ್ತೆ ಸರ್. ನಾಲಿಗೆಗೆ ಬೇಡ, ಅಷ್ಟೆ.”

“ಅದ್ನೇ ಯೋಳಕ್ ಬಂದೆ ಕಣವ್ವ. ಬಾಯ್ ಮುಚ್ಚಿಸ್ದ” ಎಂದರು ಕೆಂಚಯ್ಯ.

ಅಲ್ಲಿಂದ ನೇರ ಗೆಂಡೆಹಳ್ಳಿಗೆ. ಜಗಲಿಯ ಮೇಲಿದ್ದ ಸುವರ್ಣಮ್ಮ ಮುಖ ತಿರುಗಿಸಿ ಕುಳಿತರು. ತಪ್ಪೆಲ್ಲ ತನ್ನದೆಂದು ಒಪ್ಪಿಕೊಂಡ ಮಧುಕುಮಾರ್, ತರಗತಿಯಲ್ಲಿ ನಿಂತವನಂತೆ ಗಂಟಲು ಸರಿಪಡಿಸಿಕೊಂಡು ವಿವರಿಸಿದ.

“ನೀವು ಅಲ್ಲಿ ಅಂದ್ರಿ ಅತ್ತೆ. ಅಪ್ಪನಿಗೆ ಹಲ್ಲಿ ಅಂತ ಕೇಳಿಸ್ತು.”

ಸುವರ್ಣಮ್ಮ ಮುಖ ಇತ್ತ ತಿರುಗಿಸಿದರು. “ನಾನೂ ಅಲ್ಲಿ ಅಂದೆ, ಅವನ್ಗೂ ಅಲ್ಲಿ ಅಂತ್ಲೇ ಕೇಳ್ತು. ಮತ್ತೆ ಸಾರು ಯಾಕ್ಲಾ ಚೆಲ್ದ?”

ಮಧುಕುಮಾರನ ಎಂ.ಎ. ಪದವಿ, ವ್ಯಾಕರಣ, ಹದಿನಾರು ವರ್ಷದ ಪಾಠ ಎಲ್ಲವೂ ಒಟ್ಟಿಗೆ ಕೈಕೊಟ್ಟವು.

“ಆ ಅಲ್ಲಿ ಬ್ಯಾರೆ ಅತ್ತೆ, ಗ್ವಾಡೆ ಮ್ಯಾಲಿನ ಅಲ್ಲಿ ಬ್ಯಾರೆ” ಅಂದುಬಿಟ್ಟ.

ಮಂಜುಳಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುವರ್ಣಮ್ಮ ನಗು ತಡೆಯಲಾರದೆ ಮುನಿಸನ್ನೂ ಮರೆತು, ಎಲ್ಲರಿಗೂ ಸಾರಿಗಿಡಲು ಒಳಗೆದ್ದು ಹೋದರು. ಕೆಂಚಯ್ಯ ಮಗನ ಬೆನ್ನು ತಟ್ಟಿದರು.

“ಮಿಷನ್ನು ಈಗ ಸರಿಯಾಗೈತೆ ಕಣೋ. ನೀನು ಅಲ್ಲಿ ಅಂದದ್ದು ಅಲ್ಲಿ ಅಂತ್ಲೇ ಕೇಳ್ತು.”