ತೋಪು ರಕ್ಷಣೆಯ ಹಸಿರು ಚಪ್ಪರ

ನಮ್ಮೂರ ಗುಂಡುತೋಪು ಬೋಳಾದದ್ದು ನನ್ನ ಗಂಟಲಿನಿಂದ ಎಂದರೆ ನೀವು ನಂಬಲಾರಿರಿ. ಮಚ್ಚು ಹಿಡಿದವನು ನಾನಲ್ಲ. ಹಿಡಿಯುವ ಶಕ್ತಿಯೂ ನನಗಿಲ್ಲ. ಕೈಗೆ ಕೊಡದ ಬಲವನ್ನೆಲ್ಲ ದೇವರು ನನ್ನ ಗಂಟಲಿಗೆ ಕೊಟ್ಟಿದ್ದಾನೆ. ಅಮಲ್ದಾರರ ಸೀನು, ಮೇಷ್ಟರ ಆಕಳಿಕೆ, ನಮ್ಮಪ್ಪ ನನ್ನನ್ನು ಬೈಯುವ ಧಾಟಿ, ಯಾವುದನ್ನು ಬೇಕಾದರೂ ಮಾಡಿ ತೋರಿಸಬಲ್ಲೆ. ಒಮ್ಮೆ ಅಪ್ಪನ ದನಿಯಲ್ಲಿ ನನಗೆ ನಾನೇ ಬೈದುಕೊಂಡು, ಹೆದರಿ ಓದಲು ಕುಳಿತದ್ದೂ ಉಂಟು.

ಬೇಸಗೆಯಲ್ಲಿ ಮಧುಗಿರಿಯ ಬೆಟ್ಟ ಕಾದ ಹೆಂಚಾಗುತ್ತದೆ. ನಾವು ಅದರ ಮೇಲಿನ ರೊಟ್ಟಿಗಳು. ಆಗ ಉಸಿರಾಡಲು ಇರುವುದು ತೋಪೊಂದೇ. ಸಂತೆಯ ಗಾಡಿಗಳು ತಂಗುವುದು ಅದರ ಹೊಂಗೆ, ಬೇವುಗಳ ಕೆಳಗೆ; ಮುದ್ದಮ್ಮ ಮಜ್ಜಿಗೆ ಮಾರುವುದೂ ಅಲ್ಲೇ. ಅದನ್ನು ಕಡಿದು ಅಧಿಕಾರಿಗಳಿಗೆ ಕ್ಲಬ್ಬು, ಟೆನ್ನಿಸ್ ಅಂಗಳ ಮಾಡಬೇಕೆಂದು ಪುರಸಭೆ ನಿರ್ಣಯಿಸಿತು. ಊರಲ್ಲಿ ಟೆನ್ನಿಸ್ ಬಲ್ಲವರು ಅಮಲ್ದಾರರೊಬ್ಬರೇ. ಚೆಂಡನ್ನು ಎದುರಿನಿಂದ ವಾಪಸು ಹೊಡೆಯುವವರು ಯಾರೆಂದು ನಿರ್ಣಯದಲ್ಲಿ ಇರಲಿಲ್ಲ.

ಕೂಡಲೇ ತೋಪು ರಕ್ಷಣಾ ಸಂಘ ಹುಟ್ಟಿತು. ಅಧ್ಯಕ್ಷರು ಜವಳಿ ಸಾಹುಕಾರ್ ನಂಜುಂಡಪ್ಪನವರು; ಅವರ ಭಾಷಣವೆಂದರೆ ಎರಡು ಕೆಮ್ಮಿನ ನಡುವೆ ಒಂದು ಮಾತು. ಕಾರ್ಯದರ್ಶಿ ನಾನು, ಬೇರೆ ಕೆಲಸವಿಲ್ಲದಿರುವುದೇ ಅರ್ಹತೆ. ಮುದ್ದಮ್ಮನನ್ನು ಯಾರೂ ಸಂಘಕ್ಕೆ ಕರೆಯಲಿಲ್ಲ. "ಭಾಸಣ ನೀವೇ ಮಾಡ್ಕಳಿ ಕಣಪ್ಪ. ನೆಳ್ಳು ಹೋದ್ರೆ ಮಜ್ಜಿಗೆ ಹುಳಿಯಾಗ್ತದೆ, ನನ್ ಒಲೆ ಆರ್ತದೆ, ಅಷ್ಟೇ" ಎಂದಳು. ನಮ್ಮ ಭಾಷಣಗಳಲ್ಲಿ ಇಷ್ಟು ವಿಷಯ ಇರಲಿಲ್ಲ.

ಸ್ಥಳ ನೋಡಿ ತೀರ್ಮಾನಿಸಲು ತುಮಕೂರಿನಿಂದ ಡೆಪ್ಯುಟಿ ಕಮಿಷನರೇ ಬರುವರೆಂದು ಸುದ್ದಿಯಾಯಿತು. ದೊಡ್ಡವರು ಬಂದರೆ ಹಸಿರು ಚಪ್ಪರ ಹಾಕಬೇಕು. ಇದಕ್ಕೆ ನಮ್ಮೂರಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಆಳುಗಳು ಸೊಪ್ಪಿಗೆಂದು ಹತ್ತಿರದ ಮರ ಹುಡುಕಿದರು, ಇದ್ದದ್ದು ತೋಪೇ. ನಾಲ್ಕು ಕೊಂಬೆ ಕಡಿದು, ಸಾಕೋ ಇನ್ನೂ ಬೇಕೋ ಎಂದು ನಿಂತರು. ಪಕ್ಕದ ಗೋಡೆಯಾಚೆ ಅವರ ಮಾತು ಕೇಳುತ್ತಿದ್ದ ನನಗೆ ಗಂಟಲು ತುರಿಸಿತು. ಸಾಹುಕಾರರಂತೆ ಕೆಮ್ಮಿ, "ಏನ್ರಲಾ, ಜಿಪುಣತನ? ದಟ್ಟವಾಗಿ ಹಾಕ್ರಲಾ!" ಎಂದೆ. ಸೊಪ್ಪು ಎಲ್ಲಿಂದ ಬರುತ್ತದೆಂಬುದು ಕಾರ್ಯದರ್ಶಿಗೆ ಹೊಳೆದಿದ್ದರೆ ತಾನೆ!

ಸಂಜೆ ಸಾಹುಕಾರರು ಬಂದು ಬೋಳು ಮರಗಳನ್ನು ನೋಡಿ, "ಯಾರೋ ಹೇಳಿದ್ದು?" ಎಂದು ಆಳುಗಳನ್ನು ಗದರಿದರು.

"ತಾವೇ ಅಲ್ವಾ ಸ್ವಾಮಿ!"

"ನಾನಾ?" ಅವರು ಕೆಮ್ಮಿ ಯೋಚಿಸಿದರು. "ನಾನೇ ಹೇಳಿದ್ರೆ ಸರಿಯಾಗೇ ಇರುತ್ತೆ."

ಮರುದಿನ ಕಮಿಷನರು ಚಪ್ಪರದ ತಂಪಿನಲ್ಲಿ ಕುಳಿತು, "ಎಲ್ಲಿ ನಿಮ್ಮ ತೋಪು?" ಎಂದರು. ಸಾಹುಕಾರರು ಕೆಮ್ಮಿ, ತಲೆಯ ಮೇಲಿನ ಚಪ್ಪರದತ್ತ ಕೈ ತೋರಿಸಿಬಿಟ್ಟರು. ಅಮಲ್ದಾರರ ಮೀಸೆ ನಕ್ಕಿತು. "ಈ ಬೋಳು ಮರಗಳು ಯಾರಿಗೆ ಬೇಕ್ರೀ? ಕ್ಲಬ್ಬೇ ಆಗಲಿ" ಎಂದು ಕಮಿಷನರು ಎದ್ದರು. ನಾನು ಮೆಲ್ಲಗೆ ಜಾರಿಕೊಳ್ಳಹೋದೆ. ಚಪ್ಪರದ ಗಳಕ್ಕೆ ಸಿಕ್ಕಿ ಟೋಪಿ ಉದುರಿತು. ಹಿಂದಿನ ವಾರವಷ್ಟೇ ಮನೆದೇವರಿಗೆ ಮುಡಿ ಕೊಟ್ಟು ಬಂದಿದ್ದ ತಲೆ ಬಿಸಿಲಿಗೆ ಫಳಫಳ ಹೊಳೆಯಿತು. ಮಜ್ಜಿಗೆ ತಂದಿದ್ದ ಮುದ್ದಮ್ಮ ನನ್ನ ರಟ್ಟೆ ಹಿಡಿದು ಕಮಿಷನರ ಮುಂದೆ ನಿಲ್ಲಿಸಿದಳು. ಅವಳ ಮಾತಿಗೆ ಅವರು ಮಜ್ಜಿಗೆ ನೆತ್ತಿಗೇರುವಷ್ಟು ನಕ್ಕು, ಕ್ಲಬ್ಬಿನ ನಿರ್ಣಯವನ್ನು ಅಲ್ಲೇ ರದ್ದು ಮಾಡಿದರು. ಅವಳು ಅಂದದ್ದು ಇಷ್ಟೇ:

"ಬುದ್ಧಿ, ಬೋಳಾದದ್ದೆಲ್ಲ ಸತ್ತೋಯ್ತದಾ? ಎಲ್ಡು ಮಳೆ ಬೀಳ್ಲಿ, ಮರ ಚಿಗುರ್ತವೆ. ಬೋಳಿರೋ ಕಡೇನೇ ಕಲಬ್ಬು ಕಟ್ಬೇಕು ಅಂದ್ರೆ ಇವನ್ ತಲೆ ಮ್ಯಾಲೆ ಕಟ್ಸಿ, ಒಳಗೂ ಜಾಗ ಖಾಲಿ ಐತೆ!"